ಬೆಂಚ್ ಗುಮಾಸ್ತರ ದಮ್ಮು

ಕೋರ್ಟಿನಲ್ಲಿ ನ್ಯಾಯಾಧೀಶರು ಕೂರುವ ಪೀಠದ ಕೆಳಗೆ ಒಂದು ಮೇಜು ಇರುತ್ತದೆ. ಅದರ ಹಿಂದೆ ಕೂತು ಫೈಲು ಬಿಚ್ಚಿ ಮೇಲಕ್ಕೆ ಕೊಡುವ, ಸಾಕ್ಷಿಗಳಿಂದ ಪ್ರಮಾಣ ಮಾಡಿಸುವ, ಮುಂದಿನ ತಾರೀಖು ಹೇಳುವ ಮನುಷ್ಯನೇ ಬೆಂಚ್ ಗುಮಾಸ್ತ. ನಮ್ಮ ಗುಮಾಸ್ತರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಬೆಂಚಿನ ಕೆಳಗೆ ಕೂತಿದ್ದು, ಐವತ್ತು ಹತ್ತಿರ ಬಂದಾಗ ಇನ್ನೊಂದು ಬೆಂಚಿನ ಮೇಲೆ ಅಂಗಾತ ಮಲಗಿದರು. ಈ ಎರಡನೆಯ ಬೆಂಚು ಅವರ ಬೀದಿಯ ಕೊನೆಯ ಜಿಮ್ಮಿನಲ್ಲಿತ್ತು. ಅದರ ಮೇಲೆ ಮಲಗಿ ರಾಡನ್ನು ಎದೆಗೆ ತಾಗಿಸಿ ಮತ್ತೆ ಮೇಲಕ್ಕೆ ಎತ್ತುವುದಕ್ಕೆ ಬೆಂಚ್ ಪ್ರೆಸ್ ಎಂದು ಹೆಸರು. "ಬಡ್ತಿ ಅಂದ್ರೆ ಇದೇ ನೋಡಿ," ಎಂದು ಅವರು ಕೋರ್ಟಿನಲ್ಲಿ ಎಲ್ಲರಿಗೂ ಹೇಳಿದ್ದರು. "ಇಷ್ಟು ವರ್ಷಕ್ಕೆ ಬೆಂಚು ಹತ್ತಿದೆ. ಹತ್ತಿದ ತಕ್ಷಣ ಮಲಗಬೇಕಾಯ್ತು, ಅಷ್ಟೇ."

ತಮ್ಮನ್ನು ತಾವೇ ಕಟಕಟೆ ಹತ್ತಿಸುವುದು ಗುಮಾಸ್ತರ ಚಟ. ಬೇರೆಯವರು ನಗುವ ಮೊದಲೇ ನಾವು ನಕ್ಕುಬಿಟ್ಟರೆ ಶಿಕ್ಷೆ ಅರ್ಧ ಮಾಫಿ ಎನ್ನುವುದು ಅವರ ಲೆಕ್ಕಾಚಾರ. ತಮ್ಮ ಹೊಟ್ಟೆಯ ಬಗ್ಗೆ, ನಿದ್ದೆಯಲ್ಲಿ ಹೊಡೆಯುವ ಗೊರಕೆಯ ಬಗ್ಗೆ, ಕನ್ನಡಕ ಹಾಕಿಕೊಂಡೇ ಮನೆಯೆಲ್ಲ ಕನ್ನಡಕ ಹುಡುಕಿದ್ದರ ಬಗ್ಗೆ ಅವರು ಆಡದ ತಮಾಷೆ ಇರಲಿಲ್ಲ. ಆದರೆ ಒಂದು ವಿಷಯ ಬಂದರೆ ಮಾತ್ರ ನಗು ಹಲ್ಲಿನ ಹಿಂದೆಯೇ ನಿಲ್ಲುತ್ತಿತ್ತು. ಅದು ಹೆಂಡತಿಯ ಅಣ್ಣನ ವಿಷಯ.

ಹೆಂಡತಿಯ ಅಣ್ಣನನ್ನು ಇವರು ಭಾವ ಎನ್ನುತ್ತಿದ್ದರು. ತಂಗಿಯ ಗಂಡನನ್ನು ಅವರೂ ಭಾವ ಎನ್ನುತ್ತಿದ್ದರು. ಇಬ್ಬರ ನಡುವೆ ಇದ್ದ ಭಾವ ಅಷ್ಟೇ, ಬೇರೆ ಯಾವ ಭಾವವೂ ಇರಲಿಲ್ಲ. ಆ ಭಾವನಿಗೆ ಮನೆ ಸಾಮಾನು ಸಾಗಿಸುವ ಕಸುಬು. ಸ್ವಂತ ಲಾರಿಯಿತ್ತು, ನಾಲ್ಕು ಆಳುಗಳಿದ್ದರು. ಆದರೂ ಕಷ್ಟದ ಸಾಮಾನು ಬಂದರೆ ಹಗ್ಗ ಕಟ್ಟಿ ಬೆನ್ನಿಗೇರಿಸಿಕೊಳ್ಳುತ್ತಿದ್ದವರು ಭಾವನೇ. ಬೀರುವನ್ನು ಹೊತ್ತು ಮೆಟ್ಟಿಲು ಹತ್ತುವಾಗಲೂ ಅವರ ಮುಖ ಪೇಪರು ಓದುವವರ ಮುಖದಂತೆ ಇರುತ್ತಿತ್ತು. ಮಾತು ಕಡಿಮೆ. ಆಡಿದ ಒಂದೆರಡು ಮಾತೂ ಸಾಮಾನಿನ ಬಗ್ಗೆಯೇ.

ಹೋದ ವರ್ಷ ಗುಮಾಸ್ತರು ಮನೆ ಬದಲಿಸಿದಾಗ ಭಾವ ಲಾರಿ ತಂದಿದ್ದರು. ಗುಮಾಸ್ತರೂ ಸುಮ್ಮನಿರದೆ ತೋಳು ಮಡಿಸಿ, ಬಟ್ಟೆ ಒಗೆಯುವ ಮಿಷನ್ನಿನ ಒಂದು ಬದಿಗೆ ಕೈ ಹಾಕಿದರು. ಭಾವ ಆ ಕೈಯನ್ನು, ಮಗುವಿನ ಕೈಯನ್ನು ಬಿಸಿ ಪಾತ್ರೆಯಿಂದ ತೆಗೆಯುವ ಹಾಗೆ, ಮೆತ್ತಗೆ ಬಿಡಿಸಿ ಹೇಳಿದರು: "ಭಾವ, ನೀವು ಆ ಗೋಡೆ ಗಡಿಯಾರ ಹಿಡ್ಕೊಂಡು ಬನ್ನಿ. ಗಾಜಿದೆ, ಹುಷಾರು." ಗುಮಾಸ್ತರು ಗಡಿಯಾರವನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಮೂರನೆಯ ಮಹಡಿಗೆ ಹೊರಟರು. ಎರಡನೆಯ ಮಹಡಿಯಲ್ಲಿ ಉಸಿರು ಕೈಕೊಟ್ಟಿತು. ಮೆಟ್ಟಿಲ ಮೇಲೆ ಕೂತರು. ಎರಡೂ ಕೈಯಲ್ಲಿ ತುಂಬಿದ ಚೀಲ ಹಿಡಿದು ಹತ್ತುತ್ತಿದ್ದ ಹೆಂಡತಿ ಅಲ್ಲಿ ನಿಂತು, "ಸುಸ್ತಾಯ್ತಾ?" ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ಲೇವಡಿ ಇದ್ದಿದ್ದರೆ ಅವರಿಗೆ ಅಭ್ಯಾಸವಿತ್ತು. ಇದ್ದದ್ದು ಕಾಳಜಿ. ಅದು ನಾಟಿತು.

ಮುಂದಿನ ವಾರವೇ ಅವರು ಜಿಮ್ಮಿನ ಬಾಗಿಲಲ್ಲಿ ನಿಂತಿದ್ದರು.

ಜಿಮ್ಮು ನಡೆಸುತ್ತಿದ್ದವರನ್ನು ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಮಂಡಿ ಎರಡೂ ಸವೆದಿದ್ದವು, ಭುಜ ಮಾತ್ರ ಹಾಗೇ ಇತ್ತು. ಹೊಸಬರು ಬಂದರೆ ಮೂರು ಪ್ರಶ್ನೆ ಕೇಳುವುದು ಅವರ ಪದ್ಧತಿ.

"ಬೆನ್ನು ನೋವಿದೆಯಾ?"

"ಇಲ್ಲ."

"ಬಿಪಿ?"

"ಅದೂ ಇಲ್ಲ."

ಮೂರನೆಯದನ್ನು ಕೇಳುವ ಮೊದಲು ಮಾಸ್ತರು ಕಣ್ಣು ಕಿರಿದು ಮಾಡಿ, ಒಂದು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದ ಗುಮಾಸ್ತರ ಎದೆಯನ್ನೇ ದಿಟ್ಟಿಸಿದರು.

"ದಮ್ಮಿದೆಯಾ?"

ಗುಮಾಸ್ತರಿಗೆ ರೋಮ ನೆಟ್ಟಗಾಯಿತು. ಎಷ್ಟು ವರ್ಷವಾಗಿತ್ತು, ಒಬ್ಬ ಗಂಡಸು ಇನ್ನೊಬ್ಬ ಗಂಡಸನ್ನು ಕೇಳುವ ಹಾಗೆ ಯಾರಾದರೂ ಅವರನ್ನು ಇದನ್ನು ಕೇಳಿ! "ಬೇಕಾದಷ್ಟಿದೆ, ಮಾಸ್ತರೆ," ಎಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಮ್ಮಪ್ಪನಿಗೂ ಇತ್ತು, ನಮ್ಮಜ್ಜನಿಗೂ ಇತ್ತು. ನಮ್ಮ ವಂಶದಲ್ಲೇ ಬಂದದ್ದು."

ಮಾಸ್ತರು ಗಂಭೀರವಾಗಿ ತಲೆಯಾಡಿಸಿದರು. "ವಂಶದಲ್ಲೇ ಇದ್ರೆ ನಾವು ಸ್ವಲ್ಪ ಹುಷಾರಾಗಿರಬೇಕು," ಎಂದರು. ಗುಮಾಸ್ತರು ಇದನ್ನು ಮರ್ಯಾದೆ ಎಂದುಕೊಂಡರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೋರ್ಟಿನಲ್ಲಿ ಗುಮಾಸ್ತರಿಗೆ ಹೆಸರು ಇದ್ದದ್ದೇ ಎರಡರ್ಥದ ಮಾತು ಹಿಡಿಯುವುದರಲ್ಲಿ. ಒಮ್ಮೆ ಒಬ್ಬ ಸಾಕ್ಷಿ, "ಆ ಮನುಷ್ಯ ಗೋಡೆಗೆ ಒರಗಿ ದಮ್ಮು ಎಳೀತಿದ್ದ" ಎಂದಾಗ, ಇವರು ಕೂತಲ್ಲಿಂದಲೇ ಎದ್ದು, "ಸ್ವಾಮಿ, ಬೀಡಿ ಸೇದ್ತಿದ್ದನೋ, ಉಬ್ಬಸದಿಂದ ಒದ್ದಾಡ್ತಿದ್ದನೋ, ಅದೊಂದು ಸ್ಪಷ್ಟವಾಗಲಿ" ಎಂದು ನ್ಯಾಯಾಧೀಶರಿಂದಲೇ ಭೇಷ್ ಅನ್ನಿಸಿಕೊಂಡಿದ್ದರು. ಈ ಕಥೆಯನ್ನು ಅವರು ಹೇಳದ ಮನೆ ಇಲ್ಲ, ಕೇಳದ ನೆಂಟರಿಲ್ಲ. ಅಂಥವರು ತಮ್ಮದೇ ಎದೆಯ ವಿಷಯ ಬಂದಾಗ ದಮ್ಮಿನ ಮೂರನೆಯ ಅರ್ಥಕ್ಕೆ ನೇರ ಹೋಗಿ ಬಿದ್ದರು. ಜಂಬ ಅನ್ನುವುದು ಕಿವಿಗೆ ಹತ್ತಿ ಇಟ್ಟುಬಿಡುತ್ತದೆ.

ಮಾಸ್ತರು ಅವರಿಗೆ ಕಿಟಕಿಯ ಪಕ್ಕದ ಬೆಂಚು ಕೊಟ್ಟರು, ಗಾಳಿ ಬರಲಿ ಎಂದು. ಗುಮಾಸ್ತರು ಅದನ್ನು ಸರ್ಕಾರಿ ನೌಕರನಿಗೆ ಸಿಕ್ಕ ಗೌರವ ಎಂದುಕೊಂಡರು. ಉಳಿದವರೆಲ್ಲ ಕರ್ರಗಿನ ತುಕ್ಕು ರಾಡು ಎತ್ತುತ್ತಿದ್ದರೆ ಇವರಿಗೊಬ್ಬರಿಗೆ ಬೆಳ್ಳಗೆ ಹೊಳೆಯುವ ಒಂದು ರಾಡು ಬಂತು. ಅದು ಮೀಸಲು ರಾಡು ಎಂದುಕೊಂಡರು. ಇವರು ಎತ್ತುವಾಗ ಮಾಸ್ತರು ತೋಳು ನೋಡುವುದು ಬಿಟ್ಟು ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಮೆಚ್ಚಿ ನೋಡುತ್ತಿದ್ದಾರೆ ಎಂದುಕೊಂಡರು. ಮನುಷ್ಯ ಒಮ್ಮೆ ಅಂದುಕೊಳ್ಳಲು ಶುರು ಮಾಡಿದರೆ ಅಂದುಕೊಳ್ಳುವುದಕ್ಕೆ ಸಾಮಗ್ರಿ ತಾನಾಗಿಯೇ ಒದಗುತ್ತದೆ.

"ಹಗುರ ತೂಕ, ಜಾಸ್ತಿ ಸಲ," ಎಂದಿದ್ದರು ಮಾಸ್ತರು. "ರಾಡು ಎದೆಗೆ ತಾಗಬೇಕು, ಕೈ ಪೂರ್ತಿ ನೆಟ್ಟಗಾಗಬೇಕು. ಉಸಿರು ಕಟ್ಟಬಾರದು. ಒಂದು ಸೆಟ್ಟಿಗೆ ಹದಿನೈದು ಆದ್ರೆ ಸಾಕು. ಆಮೇಲೆ ಎದ್ದು ಕೂತ್ಕೊಳ್ಳಿ."

ಆ ಹೊಳೆಯುವ ರಾಡೂ ಮೊದಲ ದಿನ ಸುಲಭಕ್ಕೆ ಬಗ್ಗಲಿಲ್ಲ. ಒಂಬತ್ತಕ್ಕೆ ತೋಳು ನಡುಗಿತು, ಹನ್ನೊಂದಕ್ಕೆ ರಾಡು ಒಂದು ಕಡೆ ವಾಲಿತು, ಹನ್ನೆರಡಕ್ಕೆ ಅವರು ತಮ್ಮ ಮನೆದೇವರನ್ನು ನೆನೆದರು. ಮರುದಿನ ಕೋರ್ಟಿನಲ್ಲಿ ಸಾಕ್ಷಿಯಿಂದ ಪ್ರಮಾಣ ಮಾಡಿಸುವಾಗ ಬಲಗೈ ಎತ್ತಿ ತೋರಿಸಲು ಆಗದೆ, "ಹೀಗೆ... ನೀವೇ ಅರ್ಥ ಮಾಡ್ಕೊಂಡು ಎತ್ತಿ" ಎಂದರು. ಆದರೂ ಬಿಡಲಿಲ್ಲ. ತಿಂಗಳು ಕಳೆಯುವ ಹೊತ್ತಿಗೆ ಒಂದೇ ಉಸಿರಿಗೆ ಇಪ್ಪತ್ತೈದು ಬಂತು. ಆಮೇಲೆ ನಲವತ್ತು. ಚಳಿ ಹೋಗಿ ಸೆಕೆ ಬರುವ ಹೊತ್ತಿಗೆ ಅರವತ್ತು. ಪಕ್ಕದ ಬೆಂಚಿನವರು ರಾಡಿಗೆ ದಪ್ಪ ದಪ್ಪ ತೂಕದ ಪ್ಲೇಟು ಹಾಕಿಕೊಂಡು ಎಂಟು ಸಲ ಎತ್ತಿ ಸುಸ್ತಾಗುವುದನ್ನು ನೋಡಿ, 'ಅವರದು ಬರೀ ಬಲ, ನಮ್ಮದು ದಮ್ಮು' ಎಂದು ಮನಸ್ಸಿನಲ್ಲೇ ಮೀಸೆ ತಿರುವಿದರು. ಮೀಸೆ ಇರಲಿಲ್ಲ, ಅದು ಬೇರೆ ಮಾತು.

ಮನೆಯಲ್ಲಿ ಊಟದ ಹೊತ್ತಿಗೆ ವರದಿ ಒಪ್ಪಿಸುತ್ತಿದ್ದರು. ಅವರ ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೊರೆದು ಚೌಕಟ್ಟಿಗೆ ಕೂರಿಸುವ ಕೆಲಸ. ಕೂದಲೆಳೆಯಷ್ಟು ಆಚೀಚೆಯಾದರೂ ಗಾಜು ಬಿರಿಯುವ ಕೆಲಸ ಅದು. ಅವಳ ಮಾತೂ ಹಾಗೇ, ಇದ್ದದ್ದಕ್ಕಿಂತ ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅಂಗಿ ಗುಂಡಿ ಬಿಗಿಯಾಗಿದೆ ನೋಡು," ಎಂದು ಇವರು ಎದೆ ಉಬ್ಬಿಸಿದರೆ, ಅವಳು ಹತ್ತಿರ ಬಂದು ನೋಡಿ, "ಬಿಗಿಯಾಗಿರೋದು ಕೆಳಗಿಂದ ಎರಡನೇದು," ಎನ್ನುತ್ತಿದ್ದಳು.

"ಎದೆ ಇಳಿದು ಅಲ್ಲಿಗೆ ಬಂದಿದೆ ಅಂದ್ಕೋ."

ಅವಳು ನಗುತ್ತಿದ್ದಳು. ಅವಳ ನಗು ಸಿಕ್ಕಿದರೆ ಅವರಿಗೆ ಅದೇ ಪದಕ.

ಪ್ರತಿವರ್ಷ ಮಾಸ್ತರು ಜಿಮ್ಮಿನಲ್ಲಿ ಒಂದು ಪರೀಕ್ಷೆ ಇಡುತ್ತಿದ್ದರು. ದಿನವೂ ಎತ್ತುವ ತೂಕವೇ ಅವರವರಿಗೆ. ಮಲಗಿ ಶುರು ಮಾಡಿದರೆ ಕೈ ಸೋಲುವವರೆಗೂ ಎತ್ತಬೇಕು, ನಡುವೆ ರಾಡು ಕೆಳಗಿಡುವಂತಿಲ್ಲ. ಮನೆಯವರು ಬಂದು ನೋಡಬಹುದು. ಆ ಪರೀಕ್ಷೆಗೆ ವಾರ ಇದೆ ಎನ್ನುವಾಗ, ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ಕನ್ನಡಿ ಮುಂದೆ ನಿಂತಿದ್ದ ಗುಮಾಸ್ತರ ಕಿವಿಗೆ ಹೆಂಡತಿ ಫೋನಿನಲ್ಲಿ ಮಾತಾಡುವುದು ಬಿತ್ತು.

"ಇಲ್ಲ ಅಣ್ಣಾ, ನಿನ್ನ ಭಾವ ಮೊದಲಿನ ಹಾಗಿಲ್ಲ ಈಗ. ಅರವತ್ತು ಸಲ ಎತ್ತುತ್ತಾರೆ... ಹೂಂ, ಒಂದೇ ಸಮ... ತೂಕಾನಾ? ನನ್ನಷ್ಟಿದೆ... ಸುಳ್ಳು ಯಾಕೆ ಹೇಳಲಿ? ಭಾನುವಾರ ನೀನೇ ಬಂದು ನೋಡು."

ಗುಮಾಸ್ತರ ಕೈಯಲ್ಲಿದ್ದ ರೇಜರು ಅಲ್ಲೇ ನಿಂತಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಅವರ ಬಗ್ಗೆ ತವರಿನವರ ಮುಂದೆ ಜಂಬ ಕೊಚ್ಚಿದ್ದನ್ನು ಅವರು ಕೇಳಿರಲಿಲ್ಲ. ಕೊಚ್ಚಲು ಅವರೂ ಏನೂ ಒದಗಿಸಿರಲಿಲ್ಲ. ಕಣ್ಣು ಮಂಜಾಯಿತು. ಸೋಪು ಹೋಗಿದೆ ಎಂದು ಒರೆಸಿಕೊಂಡರು, ಆದರೆ ಅದು ಸೋಪಲ್ಲ, ಖುಷಿ. ಖುಷಿಯ ಬೆನ್ನಿಗೇ ಲೆಕ್ಕ ಶುರುವಾಯಿತು. ನನ್ನಷ್ಟಿದೆ ಎಂದಳಲ್ಲ? ಅವಳ ತೂಕ ಐವತ್ತರ ಮೇಲೆ. ತಮ್ಮ ರಾಡಿನ ತೂಕ ಎಷ್ಟು? ತಿಂಗಳುಗಟ್ಟಲೆ ಎತ್ತಿದರೂ ಅದನ್ನು ಅವರು ಕೇಳಿಯೇ ಇರಲಿಲ್ಲ.

ಆ ಸಂಜೆ ಕೇಳಿದರು.

"ಎಂಟು ಕೆಜಿ," ಎಂದರು ಮಾಸ್ತರು.

"ಒಂದು ಬದೀನಾ?"

"ಪೂರ್ತಿ. ಹೆಂಗಸರಿಗೆ, ವಯಸ್ಸಾದೋರಿಗೆ ಕಲಿಸೋಕೆ ಅಂತ ಇಟ್ಟಿರೋ ರಾಡು ಅದು, ಅಲ್ಯುಮಿನಿಯಂ. ದಮ್ಮಿರೋರಿಗೆ ಅದಕ್ಕಿಂತ ಜಾಸ್ತಿ ನಾನು ಕೊಡಲ್ಲ."

"ದಮ್ಮಿರೋರಿಗೆ ಜಾಸ್ತಿ ಅಲ್ವಾ ಮಾಸ್ತರೆ ಕೊಡಬೇಕಾದ್ದು?"

"ಸಾಯ್ತಾರೆ ಸಾರ್," ಎಂದರು ಮಾಸ್ತರು ಆಶ್ಚರ್ಯದಿಂದ. "ನಮ್ಮ ತಾಯಿಗೂ ಇತ್ತು. ಒಂದು ಬಕೆಟ್ ನೀರು ಎತ್ತಿದ್ರೆ ಉಸಿರು ಹಿಡಿದುಕೊಳ್ಳೋದು. ಅದಕ್ಕೇ ತಾನೆ ನಿಮಗೆ ಕಿಟಕಿ ಹತ್ತಿರ ಜಾಗ ಕೊಟ್ಟಿದ್ದು? ಅಂದ ಹಾಗೆ, ಬಾಯಿಂದ ಎಳ್ಕೊಳ್ಳೋ ಔಷಧಿ ಜೇಬಲ್ಲಿ ಇಟ್ಕೊಂಡೇ ಬರ್ತೀರಿ ತಾನೆ?"

ಗುಮಾಸ್ತರು ಬೆಂಚಿನ ಅಂಚಿನಲ್ಲಿ ಕೂತರು. ಗೋಡೆಗೆ ಒರಗಿ ದಮ್ಮು ಎಳೆಯುತ್ತಿದ್ದ ಆ ಮನುಷ್ಯ, ನ್ಯಾಯಾಧೀಶರ ಭೇಷ್, ತಾವು ಆ ಕಥೆ ಹೇಳಿದ ಅಷ್ಟೂ ಮನೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದು ಕೈಕಟ್ಟಿ ನಿಂತವು. ಆಮೇಲೆ ಅಪ್ಪ, ಅಜ್ಜ ಬಂದರು. ಇಬ್ಬರಿಗೂ ಇವರು ಒಂದೇ ಮಾತಿನಲ್ಲಿ ಉಬ್ಬಸ ತರಿಸಿಬಿಟ್ಟಿದ್ದರು. ಪಾಪ, ಅಜ್ಜ ತೊಂಬತ್ತರವರೆಗೂ ಶೀನಿದವರೂ ಅಲ್ಲ.

ವಿಷಯ ಬಿಡಿಸಿ ಹೇಳಿದಾಗ ಮಾಸ್ತರ ಮುಖ ಹುಳ್ಳಗಾಯಿತು. "ನಾನು ರೋಗದ ವಿಷಯ ಕೇಳಿದ್ದು ಸಾರ್," ಎಂದರು. "ನಾನು ಗಂಡಸುತನದ ವಿಷಯ ಹೇಳಿದ್ದು," ಎಂದರು ಗುಮಾಸ್ತರು.

"ಹಾಗಿದ್ರೆ ನಿಮಗೆ ದಮ್ಮಿಲ್ಲ?"

"ಯಾವ ಅರ್ಥದಲ್ಲೂ ಇಲ್ಲ ಅಂತ ಬರ್ಕೊಳ್ಳಿ."

ಬೇಡ ಎಂದರೂ ಕೇಳದೆ, ಐವತ್ತು ಕೆಜಿ ಹಾಕಿಸಿಕೊಂಡು ಮಲಗಿದರು. ಮಾಸ್ತರು ಎರಡೂ ಕೈ ಅಡ್ಡ ಹಿಡಿದು ನಿಂತರು. ಕರಿ ರಾಡು ಕೆಳಗಿಳಿದು ಎದೆಯ ಮೇಲೆ ಕೂತಿತು. ಕೂತದ್ದು ಕೂತೇ ಇತ್ತು. ಹೆಂಡತಿಯೇ ಬಂದು ಎದೆಯ ಮೇಲೆ ಕೂತು 'ಸುಸ್ತಾಯ್ತಾ?' ಎಂದು ಕೇಳಿದ ಹಾಗಾಯಿತು. ಮಾಸ್ತರು ಎತ್ತಿ ತೆಗೆದರು.

ಸೋತರೆ ತಮಗೇನೂ ನಷ್ಟವಿಲ್ಲ ಎಂದು ಗುಮಾಸ್ತರಿಗೆ ಗೊತ್ತಿತ್ತು. ತಮ್ಮ ಮಾನ ಹೋಗುವುದು ಅವರಿಗೆ ರೂಢಿ, ಹೋದ ಜಾಗದಲ್ಲೇ ಒಂದು ತಮಾಷೆ ಬೆಳೆದುಕೊಳ್ಳುತ್ತಿದ್ದರು. ಈ ಸಲ ಹೋಗುವುದು ತಮ್ಮದಲ್ಲ. ಒಂದು ಎಳೆ ಹೆಚ್ಚು ಆಡದವಳು ಜೀವನದಲ್ಲಿ ಒಂದೇ ಒಂದು ಸಲ ಹೆಚ್ಚು ಆಡಿದ್ದಾಳೆ, ಅದೂ ಅಣ್ಣನ ಮುಂದೆ, ಅದೂ ತಮಗಾಗಿ. ಆ ಮಾತು ನೆಲಕ್ಕೆ ಬೀಳಬಾರದು. ಇದನ್ನು ಅವರು ಮಾಸ್ತರಿಗೂ ಹಾಗೇ ಹೇಳಿದರು, ತಮಾಷೆ ಬೆರೆಸದೆ.

ಮಾಸ್ತರು ಎದ್ದು ಒಳಗೆ ಹೋಗಿ, ಎರಡು ಭಾರೀ ಗಾತ್ರದ ಕರಿ ಪ್ಲೇಟುಗಳನ್ನು ಒಂದೇ ಕೈಯ ಬೆರಳಿಗೆ ಸಿಕ್ಕಿಸಿಕೊಂಡು ಬಂದರು. "ಫೋಟೋ ಪ್ಲೇಟು," ಎಂದರು ತಗ್ಗಿದ ದನಿಯಲ್ಲಿ. "ನೋಡೋಕೆ ಒಂದೊಂದು ಇಪ್ಪತ್ತು ಕೆಜಿ. ಒಳಗೆ ಟೊಳ್ಳು. ಸೇರಿದ ಮೊದಲ ವಾರವೇ ಫೋಟೋ ಬೇಕು ಅನ್ನೋರಿಗೆ ಇಟ್ಟಿರ್ತೀನಿ. ನಿಮ್ಮ ರಾಡಿಗೆ ಕರಿ ಟೇಪು ಸುತ್ತಿಬಿಟ್ರೆ ಯಾರಿಗೂ ಗೊತ್ತಾಗಲ್ಲ."

ದಿನಕ್ಕೆ ಹತ್ತು ಜನರಿಂದ 'ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನೂ ಹೇಳುವುದಿಲ್ಲ' ಎಂದು ಹೇಳಿಸುವ ಮನುಷ್ಯ ಆ ಟೊಳ್ಳು ಪ್ಲೇಟುಗಳನ್ನು ದಿಟ್ಟಿಸಿ ನೋಡಿದರು. ಛೀ ಎನ್ನಬೇಕೆಂದುಕೊಂಡರು. ಹೆಂಡತಿಗೆ ನಿಜ ಹೇಳಿಬಿಡುತ್ತೇನೆ ಎಂದು ತೀರ್ಮಾನಿಸಿ ಮನೆಗೆ ಹೋದರು. ಇಡೀ ವಾರ ಆ ನಿಜವನ್ನು ಗಂಟಲಲ್ಲಿ ಇಟ್ಟುಕೊಂಡೇ ಓಡಾಡಿದರು. ಶನಿವಾರ ಸಂಜೆ, ಇನ್ನು ಹೇಳಲೇಬೇಕು ಎಂದು ಬಾಯಿ ತೆರೆದಾಗ ಅವಳು ನಾಳೆಗೆಂದು ತನ್ನ ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ತಲೆ ಎತ್ತದೆಯೇ, "ಅಣ್ಣ ನಂಬಲೇ ಇಲ್ಲ ಕಣ್ರೀ," ಎಂದಳು. ಅವಳ ದನಿಯಲ್ಲಿ ಹುಡುಗಿಯರ ಉತ್ಸಾಹವಿತ್ತು. ಗುಮಾಸ್ತರು ತೆರೆದ ಬಾಯಲ್ಲಿ ಆಕಳಿಸಿ ಮುಚ್ಚಿಕೊಂಡರು.

ಭಾನುವಾರ ಜಿಮ್ಮು ತುಂಬಿತ್ತು. ಹೆಂಡತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಭಾವ ಅವಳ ಹಿಂದೆ ಕೈಕಟ್ಟಿ ನಿಂತಿದ್ದರು. ಗುಮಾಸ್ತರ ಸರದಿ ಬಂದಾಗ ಮಾಸ್ತರು ಯಾರ ಮುಖವನ್ನೂ ನೋಡದೆ ರಾಡು ತಂದು ಕೊಕ್ಕೆಯ ಮೇಲಿಟ್ಟು, ಆ ಎರಡು ಪ್ಲೇಟನ್ನು ಹುಸಿ ತಿಣುಕಾಟ ತಿಣುಕಿ ಸಿಕ್ಕಿಸಿದರು. ಆ ನಟನೆ ಎಷ್ಟು ಕೆಟ್ಟದಾಗಿತ್ತೆಂದರೆ, ಕಟಕಟೆಯಲ್ಲಿ ಇಂಥ ಸಾಕ್ಷಿ ಸಿಕ್ಕಿದ್ದರೆ ಮೊದಲ ಪ್ರಶ್ನೆಗೇ ಕೇಸು ಬಿದ್ದುಹೋಗುತ್ತಿತ್ತು ಎನ್ನಿಸಿತು ಗುಮಾಸ್ತರಿಗೆ.

ಮಲಗಿದರು. ಎತ್ತಿದರು.

"ಒಂದು," ಎಂದಿತು ಹೆಂಡತಿಯ ದನಿ.

ಎಣಿಸುವುದು ಮಾಸ್ತರ ಕೆಲಸ, ಆದರೆ ಅವಳು ಅವರಿಗಿಂತ ಮೊದಲೇ ಎಣಿಸುತ್ತಿದ್ದಳು. ಹತ್ತು, ಇಪ್ಪತ್ತು, ಮೂವತ್ತು. ರಾಡು ಸುಮ್ಮನೆ ಹೋಗಿ ಬಂದು ಮಾಡುತ್ತಿತ್ತು. ಸುಲಭವಾಗಿ ಕಾಣಬಾರದಲ್ಲ ಎಂದು ಗುಮಾಸ್ತರು ನಡುನಡುವೆ ಹಲ್ಲು ಕಚ್ಚಿ ಮುಖ ಹಿಂಡಿದರು. ನಲವತ್ತೈದರ ಮೇಲೆ ಮುಖ ಹಿಂಡುವ ಕಷ್ಟ ತಪ್ಪಿತು, ಅದು ತಾನಾಗಿಯೇ ಹಿಂಡಿಕೊಂಡಿತು. ಟೊಳ್ಳಾದರೂ ತೂಕ ತೂಕವೇ. ಅರವತ್ತಕ್ಕೆ ನಿಲ್ಲಿಸೋಣ ಎಂದುಕೊಂಡಿದ್ದರು. ಆದರೆ "ಅರವತ್ತು" ಎನ್ನುವಾಗ ಅವಳ ದನಿ ಒಂದಿಷ್ಟು ನಡುಗಿತು, ನಿಲ್ಲಿಸಲು ಮನಸ್ಸು ಬರಲಿಲ್ಲ. ಅರವತ್ತಮೂರು. ತೋಳಿಗೆ ಬೆಂಕಿ ಬಿತ್ತು. ಅರವತ್ತೇಳು. ಜೀವ ಬಾಯಿಗೆ ಬಂತು. ಎಪ್ಪತ್ತೊಂದಕ್ಕೆ ರಾಡು ಅರ್ಧದಲ್ಲಿ ನಿಂತು, ನಡುಗಿ, ಹೇಗೋ ಮೇಲೆ ಹೋಗಿ ಕೊಕ್ಕೆಗೆ ಬಿತ್ತು. ಅಷ್ಟೂ ಸುಳ್ಳಿನಲ್ಲಿ ಕೊನೆಯ ಹನ್ನೊಂದು ಮಾತ್ರ ಅಪ್ಪಟ ನಿಜ.

ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಕನ್ನಡಕ ತೆಗೆದು ಒರೆಸಿಕೊಂಡು, ಹಿಂದಕ್ಕೆ ತಿರುಗಿ, "ನೋಡಿದೆಯಾ?" ಎಂದಳು. ಭಾವ ಹೂಂ ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಭಾವನಿಗೆ ಒಂದು ಅಭ್ಯಾಸ. ಎಲ್ಲಿಗೆ ಹೋದರೂ, ಸಾಮಾನು ದಾರಿಯಲ್ಲಿದ್ದರೆ ಅದನ್ನು ಅದರ ಜಾಗಕ್ಕೆ ಸೇರಿಸದೆ ಕೂರಲಾರರು. ಮುಂದಿನವರಿಗೆ ಬೆಂಚು ಖಾಲಿ ಮಾಡಿಕೊಡೋಣವೆಂದು ನೇರ ನಡೆದು ಬಂದು ರಾಡಿನ ಪ್ಲೇಟಿಗೆ ಕೈ ಹಾಕಿದರು. "ಬಿಡಿ ಬಿಡಿ, ನಾನು..." ಎಂದು ಮಾಸ್ತರು ಮಂಡಿ ಹಿಡಿದುಕೊಂಡು ಓಡಿ ಬರುವಷ್ಟರಲ್ಲಿ ತಡವಾಗಿತ್ತು. ಇಪ್ಪತ್ತು ಕೆಜಿಗೆ ಎಷ್ಟು ಬೇಕೋ ಅಷ್ಟು ಬಲ ಹಾಕಿ ಭಾವ ಎಳೆದರು. ಪ್ಲೇಟು ರಾಡಿನಿಂದ ಹಾರಿ ಅವರ ಗಲ್ಲದ ಹತ್ತಿರಕ್ಕೆ ಬಂತು.

ಭಾವ ನಿಂತರು. ಕೈಯಲ್ಲಿದ್ದುದನ್ನು ಒಮ್ಮೆ ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತಿದ್ದ ಗುಮಾಸ್ತರನ್ನು ನೋಡಿದರು. ಬೀರು, ಫ್ರಿಜ್ಜು, ಕಬ್ಬಿಣದ ಮಂಚ ಹೊತ್ತು ತಲೆ ನರೆತ ಮನುಷ್ಯನಿಗೆ ತೂಕದ ವಿಷಯದಲ್ಲಿ ಮಾತಿನ ವಿವರಣೆ ಬೇಕಿರಲಿಲ್ಲ. ಗುಮಾಸ್ತರಿಗೆ ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು.

"ಭಾರ ಇದೆಯಾ ಅಣ್ಣಾ?" ಎಂದಳು ಹೆಂಡತಿ ಕುರ್ಚಿಯಿಂದ. ಅವಳ ಮುಖ ಇನ್ನೂ ಅರಳಿಯೇ ಇತ್ತು.

ಭಾವ ತಂಗಿಯ ಮುಖ ನೋಡಿದರು. ಪ್ಲೇಟನ್ನು ನಿಧಾನವಾಗಿ ಹೊಟ್ಟೆಯ ಮಟ್ಟಕ್ಕೆ ಇಳಿಸಿದರು. ಮಂಡಿ ಸ್ವಲ್ಪ ಬಗ್ಗಿಸಿದರು, ಬೆನ್ನು ಹಿಂದಕ್ಕೆ ವಾಲಿಸಿದರು, ಕುತ್ತಿಗೆಯ ನರ ಬಿಗಿದುಕೊಂಡರು. "ಇದೆ," ಎಂದರು. "ಸರಿಯಾಗೇ ಇದೆ." ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ, ಹುಶ್ ಎಂದು ಉಸಿರು ಬಿಡುತ್ತಾ ಅದನ್ನು ಗೋಡೆಯ ಸ್ಟ್ಯಾಂಡಿನವರೆಗೂ ಹೊತ್ತು, ಎರಡೂ ಕೈಯಿಂದ ಇಳಿಸಿ, ಸೊಂಟ ಒತ್ತಿಕೊಂಡರು. ಮತ್ತೆ ಬಂದು ಎರಡನೆಯದನ್ನೂ ಹಾಗೇ ಹೊತ್ತರು. ನಿಜವಾದ ಬೀರು ಹೊತ್ತಾಗಲೂ ಆ ಮುಖ ಅಷ್ಟು ಕಷ್ಟಪಟ್ಟಿದ್ದನ್ನು ಗುಮಾಸ್ತರು ನೋಡಿರಲಿಲ್ಲ.

ಹೊರಗೆ ಬಂದಾಗ ಬಿಸಿಲೇರಿತ್ತು. ಹೆಂಡತಿ ತಣ್ಣಗೆ ಕುಡಿಯಲು ಏನಾದರೂ ತರುತ್ತೇನೆ ಎಂದು ಎದುರಿನ ಅಂಗಡಿಗೆ ಹೋದಳು. ಇಬ್ಬರು ಭಾವಂದಿರು ಲಾರಿಯ ನೆರಳಲ್ಲಿ ನಿಂತರು.

"ಭಾವ, ಅದು..." ಎಂದರು ಗುಮಾಸ್ತರು.

"ಗೊತ್ತಾಯ್ತಲ್ಲ, ಬಿಡಿ."

"ನನಗೋಸ್ಕರ ಅಷ್ಟೆಲ್ಲ..."

"ನಿಮಗೋಸ್ಕರ ಅಲ್ಲ." ಭಾವ ಲಾರಿಯ ಹಲಗೆಗೆ ಕಟ್ಟಿದ್ದ ಹಗ್ಗದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ, ಇಷ್ಟು ವರ್ಷದಲ್ಲಿ ಗುಮಾಸ್ತರು ಅವರ ಬಾಯಿಂದ ಕೇಳಿದ ಅತಿ ಉದ್ದದ ಮಾತು ಆಡಿದರು. "ನನಗೆ ಆಗ ಹನ್ನೊಂದೋ ಹನ್ನೆರಡೋ. ಕಡ್ಡಿ ಹಾಗಿದ್ದೆ. ಇವಳು ಇಷ್ಟುದ್ದ. ಬೀದಿ ಹುಡುಗರಿಗೆಲ್ಲ ಹೇಳಿಬಿಟ್ಟಿದ್ಲು, ನಮ್ಮಣ್ಣ ನೀರು ತುಂಬಿದ ಡ್ರಮ್ಮು ಒಬ್ಬನೇ ಎತ್ತುತ್ತಾನೆ ಅಂತ. ಎಲ್ಲ ಮನೆ ಮುಂದೆ ಬಂದು ನಿಂತ್ಕೊಂಡ್ರು."

"ಎತ್ತಿದ್ರಾ?"

"ಎಲ್ಲಿ ಎತ್ತಲಿ? ಖಾಲಿ ಡ್ರಮ್ಮೇ ಏಳ್ತಿರಲಿಲ್ಲ. ಹೊಟ್ಟೆನೋವು ಅಂತ ಹೊದ್ದು ಮಲಗಿದೆ. ಇವಳು ಬಾಗಿಲಿಗೆ ಹೋಗಿ, ಹೊಟ್ಟೆನೋವು ಹೋದ ಮೇಲೆ ಎತ್ತುತ್ತಾನೆ ಅಂತ ಹೇಳಿ ಎಲ್ಲರನ್ನೂ ಕಳಿಸಿದ್ಲು. ನನ್ನ ಹತ್ತಿರ ಬಂದು ಒಂದು ಮಾತೂ ಕೇಳಲಿಲ್ಲ." ಭಾವ ಗಂಟನ್ನು ಎಳೆದು ಬಿಗಿ ನೋಡಿದರು. "ಆಮೇಲೆ ಎತ್ತಲೇಬೇಕಾಯ್ತಲ್ಲ ಭಾವ. ಎತ್ತುತ್ತಾನೇ ಇದ್ದೀನಿ."

ಗುಮಾಸ್ತರಿಗೆ ಇಷ್ಟು ವರ್ಷ ಇವರ ಭುಜ ನೋಡಿ ಉರಿದುಕೊಂಡಿದ್ದಕ್ಕೆ ನಾಚಿಕೆಯಾಯಿತು. ಆ ಭುಜ ಎಲ್ಲಿಂದ ಬಂತೆಂದು ಒಂದು ದಿನವೂ ಕೇಳಿರಲಿಲ್ಲ.

ಹೆಂಡತಿ ಮೂರು ಬಾಟಲಿ ಹಿಡಿದು ರಸ್ತೆ ದಾಟಿ ಬಂದಳು. ಇಬ್ಬರೂ ಅಷ್ಟು ಹತ್ತಿರ ನಿಂತು ಮಾತಾಡುವುದು ಅವಳಿಗೆ ಹೊಸದು. "ಏನು ವಿಷಯ?" ಎಂದಳು.

ಭಾವನ ತುಟಿಯಲ್ಲಿ ಒಂದು ತುಂಟ ನಗು ಬಂತು. ಅವಳಿಗೆ ಈಗ ಅದೆಲ್ಲ ಎಲ್ಲಿ ನೆನಪಿರುತ್ತದೆ ಎನ್ನುವ ಧೈರ್ಯದಲ್ಲಿ, "ಏನಿಲ್ಲ, ನಿನ್ನ ಗಂಡನಿಗೆ ಹೊಟ್ಟೆನೋವಂತೆ," ಎಂದರು.

ಅವಳು ಅಣ್ಣನನ್ನು ನೋಡಿದಳು. ಗಂಡನನ್ನು ನೋಡಿದಳು. ಕೈಯಲ್ಲಿದ್ದ ಬಾಟಲಿಗಳಲ್ಲಿ ಒಂದನ್ನು ಅಣ್ಣನಿಗೆ ಕೊಟ್ಟಳು, ಒಂದನ್ನು ಮುಚ್ಚಳ ತೆಗೆದು ಗಂಡನಿಗೆ ಕೊಟ್ಟಳು, ಅವರ ಕೈ ಇನ್ನೂ ನಡುಗುತ್ತಿತ್ತಲ್ಲ ಎಂದು.

"ಹೋದ ಮೇಲೆ ಎತ್ತುತ್ತಾರೆ ಬಿಡು," ಎಂದಳು.

ಹಾಗೆಂದು ಲಾರಿಯ ಮುಂದಿನ ಸೀಟು ಹತ್ತಿ ಕೂತಳು. ಇಬ್ಬರು ಭಾವಂದಿರೂ ಬಾಟಲಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು. ಕೂದಲೆಳೆ ಆಚೀಚೆಯಾದರೂ ಕಂಡುಹಿಡಿಯುವ ಕಣ್ಣಿಗೆ ಎರಡು ಟೊಳ್ಳು ಪ್ಲೇಟು ಕಾಣದೆ ಇದ್ದೀತು ಎಂದು ನಂಬಿದ ಮೂರ್ಖ ತಾನೊಬ್ಬನೇ ಅಲ್ಲ ಎನ್ನುವುದು ಗುಮಾಸ್ತರಿಗೆ ಸ್ವಲ್ಪ ಸಮಾಧಾನ ಕೊಟ್ಟಿತು. ಗೊತ್ತಿದ್ದೂ ಅವಳು ಎಪ್ಪತ್ತೊಂದರವರೆಗೆ ಬಿಡದೆ ಎಣಿಸಿದ್ದಳು.

"ಭಾವ," ಎಂದರು ಗುಮಾಸ್ತರು. "ನಾಳೆ ಬೆಳಿಗ್ಗೆ ನಿಮಗೆ ಬಿಡುವಿದೆಯಾ?"

"ಆರಕ್ಕೆ ಬರ್ತೀನಿ," ಎಂದರು ಭಾವ. "ಇಪ್ಪತ್ತು ಕೆಜಿಯಿಂದ ಶುರು ಮಾಡೋಣ."